ಉತ್ತರ ಬಾರದ ಎಣಿಕೆ

"ಈ ಟೇಬಲ್ ಯಾರು ಮಾಡಿದ್ದು?"

ಇಡೀ ಆಫೀಸು ತಲೆ ಎತ್ತಿತು. ಕೂತ ಕುರ್ಚಿ ಇನ್ನೂ ಬಿಸಿಯಾಗಿರಲಿಲ್ಲ, ಹೊಸಬ ಆಗಲೇ ತನಿಖೆ ಶುರು ಮಾಡಿದ್ದ!

"ನಾನು," ಎಂದಳು ಅವಳು.

ಊರಿನ ಬಸ್ಸುಗಳಿಗೆ ಎಲ್ಲೆಲ್ಲಿ ಎಷ್ಟು ಜನ ಹತ್ತುತ್ತಾರೆಂದು ಎಣಿಸುವ ಆಫೀಸು ಅದು. ಒಬ್ಬರು ಹತ್ತಿದರೆ, ಹತ್ತಾರು ಯಂತ್ರಗಳಲ್ಲಿ ಹರಡಿಕೊಂಡ ಡೇಟಾಬೇಸಿನ ಕೌಂಟರ್ ಟೇಬಲ್‌ನಲ್ಲಿ ಒಂದು ಕೂಡುತ್ತದೆ. ಯಾವ ಸಾಲಿಗೆ ಕೂಡಬೇಕೆಂದು ತೋರಿಸುವುದೇ ಕೀ. ಅವಳು ಕೀ ಎಂದು ಇಟ್ಟಿದ್ದು ಸ್ಟಾಪಿನ ಹೆಸರನ್ನು ಮಾತ್ರ.

"ಮಾರ್ಕೆಟ್ ಅನ್ನೋ ಸ್ಟಾಪ್ ಎಷ್ಟು ರೂಟಲ್ಲಿದೆ ನೋಡಿ. ಎಲ್ರನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ರೆ ಹೇಗೆ? ರೂಟ್, ಸ್ಟಾಪ್, ದಿನ, ಮೂರೂ ಸೇರಿ ಕೀ ಆಗ್ಬೇಕು."

ಸರಿಯಾಗಿಯೇ ಹೇಳಿದ್ದ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದದ್ದು!

ಆದರೆ ಮಧ್ಯಾಹ್ನ ಅವನೇ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ. "ಎಲ್ರ ಮುಂದೆ ಕೇಳ್ಬಾರ್ದಿತ್ತು. ತಪ್ಪಾಯ್ತು."

ಅದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಹೊರಡುವುದೇ ಅಪರೂಪ. ಅವಳು ಮನೆಗೆ ಬಂದು ದಿನವೂ ಅವನದೇ ಸುದ್ದಿ ಹೇಳುವುದನ್ನು ಕೇಳಿ ಕೇಳಿ ಅವಳ ಅಕ್ಕ ಅವನಿಗೆ 'ಬಾಯಿಬೀಗ' ಎಂದು ಹೆಸರಿಟ್ಟಳು. "ಆ ಬೀಗ ತೆಗೆಸೋದು ನಿನ್ನ ಕೈಲೇ ಇದೆ ಕಣೇ!"

ಬೀಗ ಒಮ್ಮೆ ತಾನಾಗಿ ತೆರೆಯಿತು. ಆಫೀಸಿನ ಮೆಟ್ಟಿಲ ತಿರುವಿನಲ್ಲಿ, "ನನ್ನನ್ನ ಮದ್ವೆ ಆಗ್ತೀರಾ?" ಎಂದು ಕೇಳಿಯೇಬಿಟ್ಟ.

ಅಷ್ಟರಲ್ಲಿ ಮೇಲಿನಿಂದ ಆಫೀಸಿನ ಮುಖ್ಯಸ್ಥೆ ಮೇಡಂ ಕೂಗಿದರು. ಅವಳು ಓಡಿದಳು.

ಇನ್ನೊಂದ್ಸಲ ಕೇಳ್ತಾನೆ... ಕೇಳಿದ ತಕ್ಷಣ ಹೂಂ ಅಂತೀನಿ... ಎಂದು ಕಾದಳು. ಅವನು ಕೇಳಲೇ ಇಲ್ಲ. ಬಾಯಿ ತಪ್ಪಿ ಅಂದನೇ? ಮನಸ್ಸು ಬದಲಾಯಿತೇ? ತಾನೇ ಹೋಗಿ ಹೇಳಿ, ಅವನು "ಅದನ್ನ ಮರೆತುಬಿಡಿ" ಎಂದುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳುವುದು? ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಸುದ್ದಿ ಬಂತು. ಅವನು ಬೇರೆ ಊರಿನ ಆಫೀಸಿಗೆ ವರ್ಗ ಕೇಳಿಕೊಂಡಿದ್ದಾನೆ. ಇವತ್ತೇ ಇಲ್ಲಿ ಕೊನೆಯ ದಿನ!

ಇವತ್ತೇ ಲೆಕ್ಕವೂ ಕೈಕೊಡಬೇಕೆ? ನರಪಿಳ್ಳೆಯೂ ಸುಳಿಯದ ಒಂದು ಸ್ಟಾಪಿನಲ್ಲಿ ನೂಕುನುಗ್ಗಲು ತೋರಿಸುತ್ತಿತ್ತು.

"ಸಂಜೆ ಇದನ್ನ ನೋಡಿಯೇ ಬಸ್ಸು ಹಂಚ್ತಾರೆ. ಏನಮ್ಮಾ ಇದು?" ಎಂದರು ಮೇಡಂ.

ಅವನು ಪಕ್ಕಕ್ಕೆ ಬಂದ.

"ಅಲ್ಲಿ ಸಿಗ್ನಲ್ ಸರಿಯಾಗಿ ಸಿಗಲ್ಲ. ಬಸ್ಸು 'ಒಂದು ಕೂಡು' ಅನ್ನುತ್ತೆ. ಉತ್ತರ ಬರಲ್ಲ. ಆಗ?"

"ಮತ್ತೆ ಕಳಿಸೋ ಹಾಗೆ ಬರೆದಿದ್ದೀನಿ."

"ಮೊದಲ್ನೇದು ತಲುಪಿ, ಉತ್ತರ ಮಾತ್ರ ದಾರೀಲಿ ಕಳೆದುಹೋಗಿದ್ರೆ?"

"ಅಯ್ಯೋ... ಒಬ್ಬರೇ ಇಬ್ಬರಾಗ್ತಾರೆ!"

"ಹೂಂ. ಉತ್ತರ ಬರಲಿಲ್ಲ ಅಂದ್ರೆ ಹೇಳಿದ್ದು ತಲುಪಲಿಲ್ಲ ಅಂತಲ್ಲ. ಹೇಳಿದ್ದನ್ನೇ ಮತ್ತೆ ಹೇಳ್ಬಾರ್ದು. ಎಷ್ಟಾಗಿದೆ ಅಂತ ಮೊದಲು ನೋಡ್ಬೇಕು." ಅವನು ಅವಳತ್ತ ತಿರುಗಲಿಲ್ಲ. "ಕೌಂಟರ್ ಸಾಲನ್ನ ಅಳಿಸಿ ಅದರಲ್ಲೇ ಮತ್ತೆ ಎಣಿಸೋಕೆ ಆಗಲ್ಲ. ಬಸ್ಸಿನ ಬಾಗಿಲಲ್ಲೇ ಹತ್ತಿದವರ ದಾಖಲೆ ಇದೆಯಲ್ಲ, ಅದರಿಂದ ಹೊಸ ಟೇಬಲ್‌ಗೆ ಎಣಿಸಿ."

ಮತ್ತೆ ಕಳಿಸುವಂತೆ ಬರೆದಿದ್ದ ಕೋಡನ್ನು ತೆಗೆದು ಅವಳು ಹೊಸ ಟೇಬಲ್‌ಗೆ ಎಣಿಸತೊಡಗಿದಳು. ನೂಕುನುಗ್ಗಲು ಕರಗಿ ಆ ಸ್ಟಾಪಿನಲ್ಲಿ ಬೆರಳೆಣಿಕೆಯ ಜನ ಉಳಿದರು. ಮೇಡಂ ನಿಟ್ಟುಸಿರುಬಿಟ್ಟರು.

ಹೇಳಿದ್ದನ್ನೇ ಮತ್ತೆ ಹೇಳ್ಬಾರ್ದು... ಅದಕ್ಕೇನಾ? ಅದಕ್ಕೇನಾ ಇಷ್ಟು ದಿನ ಸುಮ್ಮನಿದ್ದದ್ದು?

ತಿರುಗಿ ನೋಡಿದರೆ ಅವನ ಕುರ್ಚಿ ಖಾಲಿ. ಚೀಲವೂ ಇಲ್ಲ!

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅದೇ ಮೆಟ್ಟಿಲ ತಿರುವಿನಲ್ಲಿ ಅವನು ಇಳಿಯುತ್ತಿದ್ದ.

"ನಿಲ್ಲಿ!"

"ಮತ್ತೆ ಲೆಕ್ಕ ತಪ್ತಾ?"

"ನಿಮ್ಮದೇ ತಪ್ಪಿದ್ದು! ಅವತ್ತು ಇಲ್ಲಿ ಕೇಳಿದ್ದು ನಂಗೆ ತಲುಪಿತ್ತು. ಗಾಬರಿಯಾಗಿ ಓಡಿಹೋದೆ. ಮತ್ತೆ ಯಾಕೆ ಕೇಳಲಿಲ್ಲ?"

ಅವನು ಚೀಲದ ಪಟ್ಟಿ ಬಿಗಿಯಾಗಿ ಹಿಡಿದುಕೊಂಡ. "ಇನ್ನೊಂದ್ಸಲ ಕೇಳಿದ್ರೆ ಕಾಟ ಕೊಟ್ಟ ಹಾಗಾಗುತ್ತೆ ಅನ್ನಿಸ್ತು. ದಿನಾ ಎದುರಿಗೆ ಕೂತು ಸುಮ್ಮನಿರೋಕೂ ಆಗಲಿಲ್ಲ. ಅದಕ್ಕೇ ಹೊರಟೆ."

"ಮತ್ತೆ ಹೇಳ್ಬಾರ್ದು, ಸರಿ. ನೋಡ್ಬೇಕು ಅಂತ ನೀವೇ ಹೇಳಿದ್ರಲ್ಲ! ನನ್ನ ಮುಖ ಒಂದ್ಸಲ ನೋಡಿದ್ರೆ ಗೊತ್ತಾಗ್ತಿರಲಿಲ್ವಾ?" ಅವಳ ಕಣ್ಣು ತುಂಬಿ ಬಂತು. "ಅವತ್ತಿಂದಾನೂ ಹೂಂ ಅಂತಾನೇ ಇದ್ದೀನಿ!"

ಅವನು ನೋಡಿದ. ಬಹಳ ಹೊತ್ತು ನೋಡಿದ.

"ನೋಡೋಕೆ ಹೆದರಿಕೆ ಆಗಿತ್ತು," ಎಂದ ಮೆಲ್ಲಗೆ.

"ನಂಗೆ ಹೇಳೋಕೆ..."

ಅವನು ಚೀಲ ಹೆಗಲಿಗೇರಿಸಿ, ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತತೊಡಗಿದ.

"ಎಲ್ಲಿಗೆ?"

"ಮೇಡಂ ಹತ್ರ. ವರ್ಗ ಬೇಡ ಅಂತ ಕೇಳ್ಕೊಳ್ಳೋಕೆ."

"ಅವರು ಉತ್ತರಾನೇ ಕೊಡದಿದ್ರೆ?"

"ಕೊಡೋವರೆಗೂ ಕೇಳ್ತೀನಿ," ಎಂದು ಅವನು ಕೈ ಚಾಚಿದ. "ನೀನೂ ಬಾ."