ಹಸಿರಾದ ಭಾರದೀಪ

ಅಡುಗೆಮನೆಯ ಗೋಡೆಯಲ್ಲಿ ಭಾರದೀಪ ಆ ಬೆಳಿಗ್ಗೆಯೂ ಕೆಂಪಾಗಿ ಉರಿಯುತ್ತಿತ್ತು. ಅಕ್ಕಿ ತೊಳೆದ ನೀರನ್ನು ಬಸಳೆಯ ಬುಡಕ್ಕೆಂದು ಬಾಲ್ದಿಗೆ ಬಗ್ಗಿಸುತ್ತ ಲೀದ್ಯಮ್ಮ ಅದರತ್ತ ನೋಡಿದರು. ಮೂಗಿಗೆ ಸಿಕ್ಕಿಸಿದ್ದ ಸಣ್ಣ ನಳಿಗೆ ಒಳಕೋಣೆಯ ಯಂತ್ರದಿಂದ ಹೊರಟು, ನೆಲದ ಮೇಲೆ ಹರಿದು, ಅವರ ಹಿಂದೆಯೇ ಬಂದಿತ್ತು.

"ಇವತ್ತೂ ಕೆಂಪೇ ಹರ್ಷಿಣಿ. ನಾವು ಎಂತ ತಪ್ಪು ಮಾಡ್ತಾ ಇದ್ದೇವೆ?"

"ತಪ್ಪೆಂತದೂ ಇಲ್ಲ ಅತ್ತೆ. ಅದೊಂದು ಮೆಶಿನ್. ನೀವು ಕೂತ್ಕೊಳ್ಳಿ ಒಮ್ಮೆ," ಎಂದಳು ಸೊಸೆ, ಊಟದ ಡಬ್ಬಿ ಕಟ್ಟುತ್ತ.

ಭಾರದೀಪ ಅಂಗೈಯಗಲದ ಗಾಜಿನ ಬಿಲ್ಲೆ. ಮನೆಯೊಳಗೆ ಬರುವ ವಿದ್ಯುತ್ತು, ನೀರು, ಗ್ಯಾಸು, ಮನೆಯಿಂದ ಹೊರಬೀಳುವ ಕಸ, ಎಲ್ಲವನ್ನೂ ಅದು ಗಮನಿಸಿ ಒಂದೇ ಸಂಖ್ಯೆಯಾಗಿ ಕೂಡಿಸುತ್ತಿತ್ತು. ಅದಕ್ಕೆ ಹೊರೆಯಂಕ ಎಂದು ಹೆಸರು. ಭೂಮಿ ತಾಳಬಲ್ಲ ಹೊರೆಯಲ್ಲಿ ಪ್ರತಿ ಮನೆಗೂ ಒಂದೇ ಸಮನಾದ ಪಾಲು. ಪಾಲಿನೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಸೃಷ್ಟಿ ದೇವರದು, ನಾವು ಅದನ್ನು ನೋಡಿಕೊಳ್ಳುವವರು ಮಾತ್ರ ಎಂದು ಎಷ್ಟೋ ವರ್ಷಗಳಿಂದ ಚರ್ಚಿನಲ್ಲಿ ಪ್ರಸಂಗ ಕೇಳುತ್ತಿದ್ದ ಮೂಲ್ಕಿಯ ಆ ಕ್ರೈಸ್ತ ಸಭೆಯವರು ದೀಪವನ್ನು ಸಂತೋಷದಿಂದ ಮನೆಮನೆಗೂ ಹಾಕಿಸಿಕೊಂಡಿದ್ದರು. ಈಗ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಮೊದಲ ಮಾತೇ, "ನಿಮ್ಮಲ್ಲಿ ಯಾವ ಬಣ್ಣ?"

ದೀಪವನ್ನು ರೂಪಿಸಿದ ಡಾಕ್ಟರ್ ಜೆಮಿಮಾ ಅದೇ ಸಭೆಯಲ್ಲಿ ಬೆಳೆದವಳು. ಆ ವಾರ ದೀಪಗಳಿಗೆ ಮಾತು ಕಲಿಸಲು ಅವಳೇ ಮನೆಮನೆಗೆ ಬಂದಳು.

"ಟೀಚರ್, ಸಂಡೇ ಸ್ಕೂಲಲ್ಲಿ ನೀವು ಹೇಳಿಕೊಟ್ಟದ್ದನ್ನೇ ನಾನು ಇದಕ್ಕೆ ಹೇಳಿಕೊಟ್ಟದ್ದು," ಎಂದಳು ಸ್ಟೂಲಿನ ಮೇಲೆ ನಿಂತು.

"ನನ್ನನ್ನೇ ದಿನಾ ಫೇಲ್ ಮಾಡ್ಲಿಕ್ಕೆ ಯಾವಾಗ ಹೇಳಿಕೊಟ್ಟೆ ಮಾರಾಯ್ತಿ?"

ಜೆಮಿಮಾ ನಕ್ಕಳು. "ಇನ್ನು ಅದನ್ನೇ ಕೇಳಿ. ಹೊರೆ ಎಲ್ಲಿಂದ ಅಂತ ಕೇಳಿದ್ರೆ ಬಾಯಿಬಿಟ್ಟು ಹೇಳ್ತದೆ."

"ಸುಳ್ಳು ಹೇಳ್ತದಾ?"

"ಇಲ್ಲ ಟೀಚರ್. ಅದಕ್ಕೆ ಬರುವುದಿಲ್ಲ."

ಮಧ್ಯಾಹ್ನ ಮನೆಯಲ್ಲಿ ಲೀದ್ಯಮ್ಮ ಒಬ್ಬರೇ. ಮಗ ಸುಮಂತ ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ, ಸೊಸೆ ಶಾಲೆಯಲ್ಲಿ. ಅವರು ದೀಪದ ಕೆಳಗೆ ನಿಂತು, ಹೊಸಬರನ್ನು ಮಾತಾಡಿಸುವಂತೆ ಮೆಲ್ಲಗೆ ಕೇಳಿದರು. "ನಮ್ಮ ಹೊರೆ ಎಲ್ಲಿಂದಪ್ಪ?"

ದೀಪ ಸೌಮ್ಯವಾದ ದನಿಯಲ್ಲಿ ಹೇಳಿತು. "ಹೆಚ್ಚಿನ ಪಾಲು ಒಳಕೋಣೆಯ ಉಸಿರುಯಂತ್ರದಿಂದ. ಅದಿಲ್ಲದಿದ್ದರೆ ಈ ಮನೆ ಹಸಿರು."

ಲೀದ್ಯಮ್ಮ ನಳಿಗೆಯನ್ನು ಮುಟ್ಟಿಕೊಂಡರು. ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದು ಎರಡು ವರ್ಷವಾಗಿತ್ತು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಆ ಯಂತ್ರ ಹಗಲಿರುಳೂ ಓಡಲೇಬೇಕು, ನಿಲ್ಲಿಸಿದರೆ ಹೃದಯ ಸೋಲುತ್ತದೆ ಎಂದು ಆಸ್ಪತ್ರೆಯ ಡಾಕ್ಟರು ಖಂಡಿತವಾಗಿ ಹೇಳಿದ್ದರು. ಲೀದ್ಯಮ್ಮ ಬಹಳ ಹೊತ್ತು ಅಲ್ಲೇ ನಿಂತರು. ಆಮೇಲೆ ಒಳಗೆ ಹೋಗಿ ಯಂತ್ರದ ಸ್ವಿಚ್ಚು ಒತ್ತಿದರು. ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಸೊಸೆ ಬರುವ ಹೊತ್ತಿಗೆ ಯಂತ್ರ ಮತ್ತೆ ಓಡುತ್ತಿತ್ತು.

ಅದು ಈಸ್ಟರಿಗೆ ಮುಂಚಿನ ಲೆಂಟ್ ಕಾಲ. ಕ್ರಿಸ್ತನ ಶ್ರಮೆಯನ್ನು ನೆನೆದು ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡುವುದು ಅವರ ಮನೆಯ ಪದ್ಧತಿ. ಬಿಟ್ಟದ್ದನ್ನು ಹೇಳಿಕೊಂಡರೆ ಅದು ಡಂಬವಾಗುತ್ತದೆ ಎಂಬ ಕಾರಣಕ್ಕೆ ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಇದನ್ನು ಅವರಿಗೆಲ್ಲ ಕಲಿಸಿದವರು ಲೀದ್ಯಮ್ಮನೇ.

"ಈ ಸಲ ನೀವು ಎಂತ ಬಿಟ್ಟಿದ್ದೀರಿ ಅಮ್ಮ? ಚಹಾವಾ?" ಎಂದು ಸುಮಂತ ಒಂದು ದಿನ ತಮಾಷೆ ಮಾಡಿದ.

"ಕೇಳ್ಲಿಕ್ಕಿಲ್ಲ," ಎಂದರು ಅವರು, ಮುಗುಳ್ನಕ್ಕು.

ಮತ್ತೆ ಯಾರೂ ಕೇಳಲಿಲ್ಲ.

ಒಂದು ಸಂಜೆ ಅವರ ಉಗುರುಗಳು ನೀಲಿಯಾಗಿದ್ದುದನ್ನು ಹರ್ಷಿಣಿ ಕಂಡಳು. "ಇದೆಂತ ಅತ್ತೆ?"

"ಬಸಳೆ ಹಣ್ಣು ಮಾರಾಯ್ತಿ. ಬೀಜಕ್ಕೆ ಅಂತ ಹಿಸುಕಿದೆ. ಬಣ್ಣ ಹೋಗುವುದೇ ಇಲ್ಲ."

ಚಪ್ಪರದ ತುಂಬ ಬಸಳೆ ಹಣ್ಣುಬಿಟ್ಟಿತ್ತು. ಹರ್ಷಿಣಿ ನಂಬಿದಳು. ಅವರ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸೋಪು ಹಾಕಿ ಉಜ್ಜಿದಳು ಕೂಡ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಕೆಲವೇ ದಿನ ಇರುವಾಗ ದೀಪ ಹಸಿರಾಯಿತು. ತಾನು ಈ ಲೆಂಟ್‌ನಲ್ಲಿ ಫ್ರಿಜ್ ನಿಲ್ಲಿಸಿದ್ದರ ಫಲ ಇದು ಎಂದುಕೊಂಡ ಹರ್ಷಿಣಿಗೆ ಹೆಮ್ಮೆ ತಡೆಯಲಾಗಲಿಲ್ಲ. ಶನಿವಾರ ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, "ನಮ್ಮ ಮನೆಯೂ ಹಸಿರಾಯಿತು," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಗೆ ಹೇಳಬೇಕೆಂದು ಅವಳು ಬೇಗ ಬೇಗ ನಡೆದು ಬಂದಳು.

ಲೀದ್ಯಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ ತಲೆ ವಾಲಿಸಿ ಕುಳಿತಿದ್ದರು. ಯಂತ್ರ ನಿಂತಿತ್ತು. ನಳಿಗೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಅವರ ಮಡಿಲಲ್ಲಿತ್ತು.

"ಅತ್ತೆ," ಎಂದಳು ಹರ್ಷಿಣಿ. ಸ್ವಿಚ್ಚು ಒತ್ತಿದಳು. ನಳಿಗೆಯನ್ನು ಅವರ ಮೂಗಿಗೆ ಹಿಡಿದು, "ಎಳ್ಕೊಳ್ಳಿ ಅತ್ತೆ, ಸ್ವಲ್ಪ ಎಳ್ಕೊಳ್ಳಿ," ಎಂದು ಬೇಡಿಕೊಂಡಳು. ಯಂತ್ರ ಗಾಳಿಯನ್ನು ಸೋಸುತ್ತಲೇ ಇತ್ತು. ಅತ್ತೆಯ ಕೈ ತಣ್ಣಗಿತ್ತು.

ಲೆಂಟ್ ಶುರುವಾಗುವ ಬೂದಿ ಬುಧವಾರದ ಮರುದಿನದಿಂದಲೇ ಯಂತ್ರ ಮಧ್ಯಾಹ್ನಗಳಲ್ಲಿ ನಿಲ್ಲುತ್ತಿತ್ತು, ದಿನ ಹೋದಂತೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು ಎಂಬುದು ಅವರನ್ನು ಮಣ್ಣು ಮಾಡಿದ ಮೇಲೆ ದೀಪದಿಂದಲೇ ಗೊತ್ತಾಯಿತು. ಕೇಳಿದಾಗ ಅದು ಎಲ್ಲವನ್ನೂ ಅದೇ ಸೌಮ್ಯವಾದ ದನಿಯಲ್ಲಿ ಹೇಳಿತು.

ಈಸ್ಟರ್ ಕಳೆದು ಕೆಲವು ವಾರಗಳಿಗೆ ಜೆಮಿಮಾ ದೀಪವನ್ನು ಬಿಚ್ಚಿಕೊಂಡು ಹೋಗಲು ಬಂದಳು. ಹೊಸಿಲಲ್ಲೇ ನಿಂತಳು. "ರೋಗಿಗಳ ಯಂತ್ರಗಳನ್ನು ಲೆಕ್ಕದಿಂದ ತೆಗೆಸಿದ್ದೇನೆ ಅಕ್ಕ. ಮೊದಲೇ ತೆಗೆಯಬೇಕಿತ್ತು. ನನಗೆ ಹೊಳೆಯಲೇ ಇಲ್ಲ."

"ಒಳಗೆ ಬಾ," ಎಂದಳು ಹರ್ಷಿಣಿ. ಒಲೆಯ ಮೇಲೆ ಗಂಜಿ ಇಟ್ಟಿದ್ದಳು.

ಜೆಮಿಮಾ ಗೋಡೆಯ ಕಡೆ ನೋಡಿ ಬೆಚ್ಚಿದಳು. ದೀಪ ಕೆಂಪಾಗಿತ್ತು. "ಮೆಶಿನ್ ಇಲ್ಲವಲ್ಲ ಈಗ?"

"ಹಿಂದಿರುಗಿಸಿ ಆಯ್ತು."

ಜೆಮಿಮಾ ಕೈಯಲ್ಲಿದ್ದ ಫಲಕದಲ್ಲಿ ಅಂಕಿಗಳನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. "ಉಸಿರುಯಂತ್ರ ಇದ್ದಾಗಿನದ್ದಕ್ಕಿಂತ ಜಾಸ್ತಿ ತೋರಿಸ್ತದೆ. ಒಬ್ಬರು ಕಡಿಮೆಯಾಗಿ ಹೊರೆ ಹೇಗೆ ಹೆಚ್ಚಾಗ್ತದೆ? ಎಂತ ಬದಲಾಯಿಸಿದ್ದೀರಿ ಅಕ್ಕ?"

"ಎಂತದೂ ಇಲ್ಲ." ಹರ್ಷಿಣಿ ಯೋಚಿಸಿದಳು. "ಸ್ನಾನಕ್ಕೆ ಗೀಸರ್ ಹಾಕ್ತೇವೆ. ಅತ್ತೆ ಇರುವಾಗ ಹಿಂದಿನ ಜಗಲಿಯ ಬಿಸಿಲಲ್ಲಿ ಚೊಂಬು ಚೊಂಬಾಗಿ ತುಂಬಿಸಿ ಬಾಲ್ದಿ ಇಡ್ತಿದ್ರು. ಬಟ್ಟೆಯೆಲ್ಲ ವಾಶಿಂಗ್ ಮೆಶಿನಿಗೆ. ಗಿಡಗಳಿಗೆ ಅಕ್ಕಿ ತೊಳೆದ ನೀರಿನ ಬದಲು ನಳ್ಳಿ ತಿರುಗಿಸಿ ಬಿಡ್ತೇವೆ. ಉಳಿದದ್ದೆಲ್ಲ ಕಸದ ಗಾಡಿಗೆ, ಅವರು ಇರುವಾಗ ಗಾಡಿಗೆ ಕೊಡ್ಲಿಕ್ಕೆ ಎಂತದೂ ಇರ್ತಿರಲಿಲ್ಲ. ಅಷ್ಟೇ. ಎಲ್ಲ ಮನೆಯವರು ಮಾಡುವ ಹಾಗೆ."

ಜೆಮಿಮಾ ನೆಲದ ಮೇಲೆಯೇ ಕುಳಿತುಬಿಟ್ಟಳು. "ಖರ್ಚಾದದ್ದು ಮಾತ್ರ ಇದಕ್ಕೆ ಕಾಣ್ತದೆ. ಅವರು ಖರ್ಚಾಗದ ಹಾಗೆ ಉಳಿಸಿದ್ದು ಕಾಣಲೇ ಇಲ್ಲ."

"ಅಂದ್ರೆ, ಆ ಮೆಶಿನ್ ಹಗಲು ರಾತ್ರಿ ಓಡಿದ್ರೂ..."

"ಅವರು ಇದ್ದಾಗಲೇ ಈ ಮನೆ ಹಗುರ ಅಕ್ಕ."

ಹರ್ಷಿಣಿ ಅವಳ ಪಕ್ಕದಲ್ಲಿ ಕುಳಿತಳು. ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಕೇಳಿದಳು. "ಇದನ್ನು ಅತ್ತೆಗೆ ಯಾರು ಹೇಳುವುದು ಜೆಮಿಮಾ?"

ಒಲೆಯ ಮೇಲೆ ಗಂಜಿ ಉಕ್ಕಿ ಸುರಿಯಿತು. ಇಬ್ಬರೂ ಏಳಲಿಲ್ಲ.