ಬಿದ್ದದ್ದು ಒಂದೇ ಮನೆ

ಡಿಸೆಂಬರ್ ಮೂರರ ಬೆಳಿಗ್ಗೆ ಡುರೆಸ್ ಎಂಬ ಬಂದರು ಊರಿನ ಪೊಲೀಸ್ ಠಾಣೆಗೆ ಮಿಮೋಜಾ ಎಂಬ ಹೆಂಗಸು ದೂರು ಕೊಡಲು ಬಂದಳು. ಹಿಂದಿನ ವಾರದ ಭೂಕಂಪದಲ್ಲಿ ಅವಳ ಬೀದಿಯ ಮನೆಗಳೆಲ್ಲ ಬಿರುಕು ಬಿಟ್ಟಿದ್ದವು. ಕುಸಿದದ್ದು ಮಾತ್ರ ಅವಳು ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ, ಸಾಲಿ ಎಂಬುವನ ಮನೆ. ಅವಳು ಬ್ರೆಡ್ಡು ತರಲು ಹೋಗಿದ್ದಳು. ಮಲಗಿದ್ದ ಮಗಳು ಎರಾ ಉಳಿಯಲಿಲ್ಲ.

ಇಂಥ ಸಾವುಗಳನ್ನು ಪ್ರಕೃತಿ ವಿಕೋಪವೆಂದು ಬರೆದು ಮುಗಿಸುತ್ತಾರೆ ಎಂದು ಇನ್‌ಸ್ಪೆಕ್ಟರ್ ಅಗ್ರೋನ್ ತಿಳಿಸಿದ.

"ಭೂಮಿ ಎಲ್ಲರ ಮನೇನೂ ಅಲ್ಲಾಡಿಸ್ತು ಸಾರ್. ನಮ್ಮದೊಂದೇ ಯಾಕೆ ಬಿತ್ತು? ಅದನ್ನ ಹೇಳಿ, ಎದ್ದು ಹೋಗ್ತೀನಿ."

ಅಗ್ರೋನ್ ಎಫ್‌ಐಆರ್ ಬರೆಸಿದ.

ಮಧ್ಯಾಹ್ನ ಎಂಜಿನಿಯರನ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಸಾಲಿಯ ಕುಟುಂಬವಿದ್ದ ನೆಲ ಅಂತಸ್ತಿನ ಉಳಿದ ಕಂಬಗಳ ಸರಳುಗಳು ಬಾಗಿ, ಜಗ್ಗಿ ಹರಿದಿದ್ದವು. ನಡುಗಂಬದ ಸರಳುಗಳ ತುದಿ ಮಾತ್ರ ಸಪಾಟಾಗಿತ್ತು, ಗರಗಸ ಆಡಿಸಿದ ಹಾಗೆ. ಅಪ್ಪ ಕಟ್ಟಿಸಿದ ಮೇಲೆ ಒಂದು ಮೊಳೆಯನ್ನೂ ಹೊಡೆದಿಲ್ಲ ಎಂದು ಸಾಲಿ ಹೇಳಿಕೆ ಕೊಟ್ಟ. ಅಷ್ಟರಲ್ಲಿ ಕಾನ್‌ಸ್ಟೇಬಲ್ ಬಾರ್ಧ್ ಅವಶೇಷದಿಂದ ಒಂದು ಕರಡಿಗೊಂಬೆ ಹೊರಗೆಳೆದ. ಅದರ ಕೊರಳಿಗೆ ಹೊಸ ಹಗ್ಗವಿತ್ತು. ಮನೆ ಕಟ್ಟುವ, ರಿಪೇರಿ ಮಾಡುವ ಕೆಲಸ ಹಿಡಿದರೆ ದೃಷ್ಟಿ ತಾಗದಿರಲೆಂದು ಗೊಂಬೆ ನೇತುಹಾಕದವರು ಆ ಊರಿನಲ್ಲಿಲ್ಲ.

ಸಾಲಿಯ ತಾಯಿ ಹಾವಾ ಶಾಲೆ ಮೈದಾನದ ಡೇರೆಯಲ್ಲಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಸೊಸೆ ಲಿರಿ. ಅಗ್ರೋನ್ ಸಾಲಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಗೊಂಬೆ ತೋರಿಸಿದ.

"ಅಜ್ಜಿ, ಇದು ನಿಮ್ಮದಾ?"

"ನಂದೇ ಕಣಪ್ಪ. ಕೆಲಸ ನಡೀವಾಗ ಕಟ್ಟದೆ ಇರ್ತಾರಾ? ನಿಮ್ಮಮ್ಮ ಇಷ್ಟೂ ಹೇಳಿಕೊಡ್ಲಿಲ್ವಾ ನಿಂಗೆ?"

"ಏನು ಕೆಲಸ?"

ಮುದುಕಿ ಮಗನ ಮುಖ ನೋಡಿದಳು. ಉತ್ತರ ಅವನೇ ಕೊಟ್ಟ. ಭೂಕಂಪಕ್ಕೆ ಎಷ್ಟೋ ತಿಂಗಳ ಮುಂಚೆ ಲಿರಿ ಕಾಲು ಕಳೆದುಕೊಂಡ ಮೇಲೆ ಮಂಚಕ್ಕೂ ಬಾಗಿಲಿಗೂ ನಡುವೆ ಕುರ್ಚಿ ತಿರುಗುತ್ತಿರಲಿಲ್ಲ, ಆ ಕಂಬ ಅಡ್ಡವಿತ್ತು. ಬಾಡಿಗೆಯವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವನೇ ಕತ್ತರಿಸಿದ್ದ.

"ಅಷ್ಟೊಂದು ಕಂಬ ಇದ್ವು ಸಾರ್. ಒಂದು ಹೋದ್ರೆ ಏನಾಗುತ್ತೆ ಅಂದ್ಕೊಂಡೆ. ತಿಂಗಳುಗಟ್ಟಲೆ ನಿಂತಿತ್ತಲ್ಲ ಮನೆ."

ಮನೆಯ ಭಾರ ಹೊರಲು ಉಳಿದ ಕಂಬಗಳು ಸಾಕಾಗಿದ್ದವು, ಓಲಾಟ ತಡೆಯಲು ಸಾಲಲಿಲ್ಲ ಎಂದು ಎಂಜಿನಿಯರ್ ವರದಿ ಕೊಟ್ಟ. ಸಂಜೆ ಸಾಲಿಯ ಬಂಧನವಾಯಿತು. ಅವನು ಹೆಂಡತಿಯ ಹೊದಿಕೆ ಸರಿಮಾಡಿ ಜೀಪು ಹತ್ತಿದ. ಭೂಕಂಪದ ಹೊತ್ತಿಗೆ ಹಾವಾ ಸೊಸೆಯನ್ನು, ಕಂಬ ತೆಗೆದು ಮಾಡಿದ ಅದೇ ದಾರಿಯಲ್ಲಿ, ಅಂಗಳಕ್ಕೆ ತಳ್ಳಿಕೊಂಡು ಬಂದಿದ್ದಳು. ಇಬ್ಬರೂ ಉಳಿದದ್ದು ಹಾಗೆ.

ಅಗ್ರೋನ್ ಎಲ್ಲವನ್ನೂ ಮಿಮೋಜಾಗೆ ಹೇಳಿದ.

"ಲಿರಿ ಆಂಟಿ ಈಗ ಸಲೀಸಾಗಿ ಹೊರಗೆ ಬರ್ತಾರಮ್ಮ ಅಂತ ಎರಾ ಆಗ ಒಂದಿನ ಕುಣಿದಾಡ್ಕೊಂಡು ಬಂದಿದ್ಲು," ಎಂದಳು. "ನಾನು ಕೆಲಸದಿಂದ ಸುಸ್ತಾಗಿದ್ದೆ. ಹೇಗೆ ಅಂತ ಕೇಳ್ಲೇ ಇಲ್ಲ."