ಹಿಮದಡಿಯ ನೈದಿಲೆ

ಬಹಳ ಹಿಂದೆ, ಬಿಸಿಲೂ ಕಂಬಳಿ ಹೊದ್ದು ಹೊರಡುತ್ತಿದ್ದ ಬಿಳಿಗೋಡು ಎಂಬ ರಾಜ್ಯವಿತ್ತು. ವರ್ಷದ ಐದು ತಿಂಗಳು ಅಲ್ಲಿ ನೀರು ಕಲ್ಲಾಗುತ್ತಿತ್ತು. ಅರಮನೆಯ ಮುಂದೆ ಒಂದು ಆಳವಾದ ಕೊಳ. ಅದರ ಮೊದಲ ಮೆಟ್ಟಿಲಿನ ಮೇಲೆ, ಮೊಣಕಾಲುದ್ದದ ನೀರಿನಲ್ಲಿ, ನೈದಿಲೆಯ ಕುಂಡಗಳನ್ನು ಇಡುವುದು ಪದ್ಧತಿ. ಅರಸರು ಉಪ್ಪರಿಗೆಯಿಂದ ನೋಡಿದರೆ ಹೂವು ಕಾಣಬೇಕು, ಅಷ್ಟೆ. ಚಳಿಗಾಲದಲ್ಲಿ ಕುಂಡಗಳು ಬೇರುಸಮೇತ ಹೆಪ್ಪುಗಟ್ಟಿ ಗಿಡಗಳು ಸಾಯುತ್ತಿದ್ದವು. ವಸಂತದಲ್ಲಿ ದಕ್ಷಿಣದಿಂದ ಹೊಸವು ಬರುತ್ತಿದ್ದವು.

ಇದೆಲ್ಲ ಕುಳಿರಯ್ಯನೆಂಬ ಮಾಟಗಾರನ ಶಾಪ ಎಂದು ಜನ ನಂಬಿದ್ದರು. ಕುಳಿರಯ್ಯ ಅಲ್ಲಗಳೆಯಲಿಲ್ಲ. ಮಾಡದ ಕೆಲಸಕ್ಕೆ ಹೆಸರು ಬರುವಾಗ ಬೇಡ ಎನ್ನುವವರು ಕಡಿಮೆ. ಅವನಿಗೆ ನಿಜವಾಗಿ ಬರುತ್ತಿದ್ದ ಮಾಟ ಒಂದೇ. ಅವನು ಮನುಷ್ಯರನ್ನು ಗಿಡ ಮಾಡುತ್ತಿದ್ದ.

ಕೊಳ ನೋಡಿಕೊಳ್ಳುತ್ತಿದ್ದವರು ದುಗ್ಗಳೆ ಮತ್ತು ಅವಳ ತಂಗಿ ಸಾಂತವ್ವೆ. ಶರದೃತುವಿನ ಒಂದು ಬೆಳಗ್ಗೆ ಕುಳಿರಯ್ಯ ಕೊಳದ ದಂಡೆಗೆ ಬಂದು, "ಈ ವರ್ಷವೂ ಒಂದೂ ಉಳಿಯದು" ಎಂದ.

ಸಾಂತವ್ವೆ ನಕ್ಕಳು. "ಸ್ವಾಮಿ, ಗುಡ್ಡದ ಮೇಲಿನ ಕೆರೆಯಲ್ಲಿ ನೈದಿಲೆ ಪ್ರತಿವರ್ಷ ತಾನೇ ಬರುತ್ತೆ. ಅಲ್ಲಿಗೆ ಹತ್ತೋಕೆ ನಿಮ್ಮ ಶಾಪಕ್ಕೆ ಏದುಸಿರು ಬರುತ್ತೇನು?"

ಮಾಟಗಾರ ಬೆರಳು ಆಡಿಸಿದ. ಸಾಂತವ್ವೆ ನಿಂತಲ್ಲಿ ಒಂದು ಕುಂಡವಿತ್ತು. ಕುಂಡದಲ್ಲಿ ಐದು ಎಲೆ, ಒಂದು ಬಿಳಿ ನೈದಿಲೆ.

"ಈ ಗಿಡ ಒಂದು ಚಳಿಗಾಲವನ್ನು ಬಯಲಲ್ಲೇ ಕಳೆದು ಚೈತ್ರದಲ್ಲಿ ಚಿಗುರಿದರೆ ನಿನ್ನ ತಂಗಿ ನಿನಗೆ. ನನ್ನ ಮಾಟವೆಲ್ಲ ಅಲ್ಲಿಗೆ ಮುಗಿಯಿತು. ಸತ್ತರೆ ಸತ್ತಳು" ಎಂದ ಅವನು. "ಹಿಂದೆ ಏಳು ಮನೆಯವರಿಗೂ ಇದನ್ನೇ ಹೇಳಿದ್ದೆ."

ಆ ಏಳು ಮನೆಯವರೂ ತಮ್ಮವರ ಕುಂಡವನ್ನು ಕನಿಕರದಿಂದ ಒಳಗೆ ತಂದು ಒಲೆಯ ಪಕ್ಕ ಇಟ್ಟಿದ್ದರು. ಬೆಚ್ಚಗಾದ ಗೆಡ್ಡೆ ಮಾಗಿಯಲ್ಲೇ ಚಿಗುರಿತು, ಬಿಸಿಲು ಸಿಗದೆ ಹಳದಿಯಾಯಿತು, ಒಣಗಿತು. ಒಣ ಗೆಡ್ಡೆಗಳನ್ನು ಅವರು ಇನ್ನೂ ಕಾಪಾಡಿಕೊಂಡಿದ್ದರು.

ಅರಸ ಕೇತರಸನಿಗೂ ಮರುಕವಾಯಿತು. "ನನ್ನ ಕೋಣೆಯಲ್ಲಿ ಅಗ್ಗಿಷ್ಟಿಕೆ ಇದೆ. ತಂದಿಡಮ್ಮ."

"ಬೇಡಿ ಪ್ರಭು" ಎಂದಳು ದುಗ್ಗಳೆ. "ಗುಡ್ಡದ ಕೆರೆಗೆ ಯಾರೂ ಅಗ್ಗಿಷ್ಟಿಕೆ ಇಟ್ಟಿಲ್ಲ. ಹೋಗಿ ನೋಡಿ ಬರ್ತೀನಿ."

ಅಲ್ಲಿ ಅವಳು ಮೂರು ದಿನ ಕೂತಳು. ನೈದಿಲೆಗಳು ತಾವಾಗಿ ಎಲೆ ಉದುರಿಸುವುದನ್ನು ಕಂಡಳು. ಗೆಡ್ಡೆಗಳು ಎರಡು ಆಳುದ್ದ ಕೆಳಗೆ ಕೆಸರಿನಲ್ಲಿರುವುದನ್ನು ಕೋಲು ಇಳಿಸಿ ತಿಳಿದಳು. ಮೊದಲ ಮೆಟ್ಟಿಲಿನಂಥದ್ದು ಅಲ್ಲಿ ಇರಲಿಲ್ಲ.

ಹಿಂದಿರುಗಿ ಬಂದು ಮೊದಲಿಗೆ ಕತ್ತರಿ ತೆಗೆದುಕೊಂಡಳು. ಎಲೆ ಉಳಿದರೆ ಕೊಳೆಯುತ್ತದೆ, ಆ ಕೊಳೆ ಗೆಡ್ಡೆಗೂ ಇಳಿಯುತ್ತದೆ. ಆಗ ಹೂವು ಮಾತಾಡಿತು. ಮಾಟದ ಹೂವು, ಮಾತಾಡುತ್ತಿತ್ತು.

"ಅಕ್ಕ, ಕತ್ತರಿಸಿದರೆ ನನಗೆ ಬಾಯಿರಲ್ಲ."

"ಗೊತ್ತು."

"ನಾನು ಬದುಕಿದ್ದೀನೋ ಇಲ್ಲವೋ ನಿನಗೆ ಗೊತ್ತಾಗಲ್ಲ."

"ಅದೂ ಗೊತ್ತು. ಐದು ತಿಂಗಳು ನೀನು ಸುಮ್ಮನಿರ್ತೀಯ ಅನ್ನೋದೇ ನಂಬೋಕಾಗ್ತಿಲ್ಲ."

ಹೂವು ನಕ್ಕಿತು. ನಗುತ್ತಿರುವಾಗಲೇ ದುಗ್ಗಳೆ ಕತ್ತರಿಸಿದಳು. ಹೂವು, ಐದೆಲೆ, ಎಲ್ಲ. ಉಳಿದದ್ದು ಹೆಬ್ಬೆರಳಿನಷ್ಟು ಕಂದು ಮೋಟು. ಗಾಯ ನೇರವಾಗಿತ್ತು.

ಎರಡನೆಯದು ಆಳ. ಕೊಳದ ತಳದಲ್ಲಿ ಗಾಡಿಯಷ್ಟು ದೊಡ್ಡ ಆಮೆಯೊಂದಿತ್ತು. ಕೆಳಗೆ ಇಳಿದದ್ದನ್ನೆಲ್ಲ ಅದು ತಿನ್ನುತ್ತಿತ್ತು. ದುಗ್ಗಳೆ ಮೂಗು ಹಿಡಿದು ಕುಂಡದೊಂದಿಗೆ ಮುಳುಗಿದಳು. ಆಮೆ ಒಂದು ಕಣ್ಣು ತೆರೆಯಿತು.

"ನಿದ್ದೆ ಬರುವ ಹೊತ್ತು. ಏನು ತಂದಿದ್ದೀಯ?"

ಬಾಯಿ ತೆರೆದರೆ ನೀರು ನುಗ್ಗೀತೆಂದು ದುಗ್ಗಳೆ ಕುಂಡ ತೋರಿಸಿದಳು. ಆಮೆ ಮೋಟನ್ನು ಮೂಸಿತು.

"ಇದೂ ಮಲಗುವ ಜಾತಿ. ನನ್ನ ಬೆನ್ನ ಮೇಲಿಡು. ಆದರೆ ಮೇಲೆ ಹಿಮ ಪೂರ್ತಿ ಮುಚ್ಚಿದರೆ ಕೆಸರಿನ ಕೆಟ್ಟ ಗಾಳಿ ಇಲ್ಲೇ ಉಳಿದು ನಾನು ಸಾಯುತ್ತೇನೆ. ಒಂದು ಕಿಂಡಿ ತೆರೆದಿಡು. ಬಡಿದು ತೆರೆಯಬೇಡ. ಹೋದ ವರ್ಷದ ಏಟು ಇನ್ನೂ ತಲೆಯಲ್ಲಿದೆ."

ಹೀಗೆ ತಂಗಿಯ ದನಿ ಹೋಯಿತು, ಈಗ ರೂಪವೂ ಹೋಯಿತು. ಮರುವಾರ ಕೊಳ ಹೆಪ್ಪುಗಟ್ಟಿತು.

ಮೂರನೆಯದು ಹಿಮ. ಬೆಳ್ಳಿಯ ಸುತ್ತಿಗೆಯಿಂದ ಅರಸ ಮೊದಲ ಹಿಮವನ್ನು ಒಡೆಯುವುದು ಬಿಳಿಗೋಡಿನ ಹಬ್ಬ. ಚಳಿಗಾಲ ಅರಸನಿಗೆ ಹೆದರಬೇಕಂತೆ. ಅದು ಹೆದರಿದ ದಾಖಲೆ ಇಲ್ಲ. ಕೇತರಸ ಸುತ್ತಿಗೆ ಎತ್ತಿದಾಗ ದುಗ್ಗಳೆ ಅಡ್ಡ ನಿಂತಳು.

"ಪ್ರಭು, ನಿಮ್ಮ ತಲೆಗೆ ಹಂಡೆ ಕವುಚಿ ನಾನು ಹೊರಗಿನಿಂದ ಬಾರಿಸಿದರೆ ಹೇಗಿರುತ್ತೆ?"

ಅರಸ ಸ್ವಲ್ಪ ಯೋಚಿಸಿದ. "ಚೆನ್ನಾಗಿರಲ್ಲ" ಎಂದು ಸುತ್ತಿಗೆ ಕೆಳಗಿಟ್ಟ.

ಅಂದಿನಿಂದ ದುಗ್ಗಳೆ ದಿನಾ ಮಧ್ಯಾಹ್ನ ಕುದಿನೀರಿನ ತಾಮ್ರದ ಕೊಡವನ್ನು ಹಿಮದ ಮೇಲೆ ಇಡುತ್ತಿದ್ದಳು. ಕೊಡ ನಿಧಾನವಾಗಿ ಇಳಿಯುತ್ತಿತ್ತು, ಕಿಂಡಿ ತೆರೆಯುತ್ತಿತ್ತು, ಕೆಟ್ಟ ಗಾಳಿ ಗುಳ್ಳೆಯಾಗಿ ಹೊರಬರುತ್ತಿತ್ತು. ಐದು ತಿಂಗಳೂ ಇದೇ ಕೆಲಸ.

ಮಾಗಿಯ ನಡುವೆ ಕುಳಿರಯ್ಯ ಬಂದ. ಜನರಿಗೆ ಬೆರಗಾಗಲೆಂದು ಹಿಮದ ಮೇಲೆ ಬರಿಗಾಲಲ್ಲಿ ನಿಂತ.

"ಕೆಳಗೂ ಇದೇ ಹಿಮ. ನಿನ್ನ ತಂಗಿ ಈಗ ಕಲ್ಲು. ನಂಬಿಕೆ ಇಲ್ಲದವಳಲ್ಲವೇ ನೀನು? ಮೇಲೆ ಎತ್ತಿ ಕಣ್ಣಾರೆ ನೋಡು."

ಇದು ಚೂಪಾದ ಮಾತು. ದುಗ್ಗಳೆ ಏನನ್ನೂ ನೋಡದೆ ಒಪ್ಪಿದವಳಲ್ಲ. ಆದರೆ ಈ ಚಳಿಗಾಳಿಗೆ ಎತ್ತಿದರೆ ನೋಡುವಷ್ಟರಲ್ಲೇ ಗೆಡ್ಡೆ ಸಾಯುತ್ತದೆ. ಅವಳು ಮನೆಗೆ ಹೋಗಿ ಎರಡು ಸೋರೆಬುರುಡೆಗಳಲ್ಲಿ ನೀರು ತುಂಬಿ ತಂದಳು. ಒಂದನ್ನು ದಂಡೆಯ ಮೇಲೆ ಇಟ್ಟಳು. ಇನ್ನೊಂದಕ್ಕೆ ಕಲ್ಲು ಕಟ್ಟಿ, ಹಗ್ಗದಲ್ಲಿ, ಕಿಂಡಿಯಿಂದ ತಳದವರೆಗೆ ಇಳಿಬಿಟ್ಟಳು.

"ಮೂರು ದಿನ ಬಿಟ್ಟು ಬನ್ನಿ."

ಮೂರನೆಯ ದಿನ ಊರೇ ನೆರೆಯಿತು. ಕುಳಿರಯ್ಯನೂ ಬರಿಗಾಲಲ್ಲೇ ಬಂದು ನಿಂತ. ದಂಡೆಯ ಬುರುಡೆ ಸೀಳಿ ಒಳಗಿನ ಹಿಮ ಹಲ್ಲು ಕಿರಿದಿತ್ತು. ದುಗ್ಗಳೆ ಹಗ್ಗ ಎಳೆದಳು. ಕೆಳಗಿನ ಬುರುಡೆ ಇಡಿಯಾಗಿ ಬಂತು. ಅಲ್ಲಾಡಿಸಿದಳು. ಗುಳುಗುಳು ಎಂದಿತು.

ಮೇಲೆ ಹಕ್ಕಿ ಹಾರುತ್ತಲೇ ಸತ್ತು ಬೀಳುವ ಚಳಿ. ಎರಡು ಆಳು ಕೆಳಗೆ ನೀರು ಇನ್ನೂ ನೀರಾಗಿಯೇ ಇತ್ತು. ಯಾರ ಮಂತ್ರವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಹಿಮವೇ ಅದಕ್ಕೆ ಕಂಬಳಿಯಾಗಿತ್ತು. ಲೋಕ ಹುಟ್ಟಿದಾಗಿನಿಂದ ಹಾಗೇ ಇತ್ತು, ಯಾರೂ ಬುರುಡೆ ಇಳಿಸಿರಲಿಲ್ಲ. ಅರಸ ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏಕೆಂದು ಅವನಿಗೂ ಗೊತ್ತಿರಲಿಲ್ಲ.

ದುಗ್ಗಳೆ ಬುರುಡೆಯ ನೀರನ್ನು ಮಾಟಗಾರನ ಪಾದದ ಮೇಲೆ ಸುರಿದಳು. ಅದು ಅಲ್ಲೇ ಹೆಪ್ಪುಗಟ್ಟಿತು. ಮಧ್ಯಾಹ್ನದ ಕೊಡ ಬರುವವರೆಗೆ ಕುಳಿರಯ್ಯ ಅಲ್ಲೇ ನಿಂತಿದ್ದ.

ಚೈತ್ರ ಬಂತು. ಹಿಮ ಕರಗಿತು. ಒಂದು ಬೆಳಗ್ಗೆ ಆಮೆ ಆಕಳಿಸುತ್ತಾ ಮೇಲೆ ಬಂತು. ಅದರ ಬೆನ್ನ ಮೇಲೆ ಕುಂಡ, ಕುಂಡದಲ್ಲಿ ಮೋಟು, ಮೋಟಿನ ತುದಿಯಲ್ಲಿ ಸುರುಳಿ ಸುತ್ತಿದ ಒಂದು ಕೆಂಪು ಎಲೆ. ದುಗ್ಗಳೆ ಮಂಡಿಯೂರಿದಳು. ಬಿಸಿಲು ತಾಗಿ ಎಲೆ ಬಿಚ್ಚಿಕೊಂಡಿತು. ಸಾಂತವ್ವೆ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು, ಕೂದಲ ತುಂಬ ಕೆಸರು.

ಮಾಟ ಕಳಚಿ, ಏಳು ಮನೆಗಳಲ್ಲಿ ಏಳು ಒಣ ಗೆಡ್ಡೆಗಳೂ ಮನುಷ್ಯರಾಗಿ ಸೀನುತ್ತಾ ಎದ್ದು ಕೂತವು. ಕುಳಿರಯ್ಯ ಎಷ್ಟು ಬೆರಳು ಆಡಿಸಿದರೂ ಒಂದು ಹುಲ್ಲೂ ಹುಟ್ಟಲಿಲ್ಲ. ಅವನು ರಾಜ್ಯ ಬಿಟ್ಟು ಹೋದ. ಯಾರೂ ತಡೆಯಲಿಲ್ಲ.

"ಕೆಳಗೆ ಹೇಗಿತ್ತು?" ದುಗ್ಗಳೆ ತಂಗಿಯ ತಲೆ ಒರೆಸುತ್ತಾ ಕೇಳಿದಳು.

"ಕತ್ತಲೆ. ಸದ್ದೇ ಇಲ್ಲ. ಆದರೆ ಮೇಲೆ ದಿನ ಉದ್ದವಾಗ್ತಿದೆ ಅಂತ ಗೊತ್ತಾಯ್ತು. ಆಗ ಎದ್ದೆ."

"ಕಣ್ಣಿಲ್ಲದೆ ಹೇಗೆ ಗೊತ್ತಾಯ್ತು?"

ಸಾಂತವ್ವೆ ಕೂದಲಿನ ಕೆಸರು ಹಿಂಡಿದಳು. "ಗೊತ್ತಿಲ್ಲ ಅಕ್ಕ. ಗೊತ್ತಾಯ್ತು."

ಎಲ್ಲಕ್ಕೂ ಕಾರಣ ಕೇಳುವ ದುಗ್ಗಳೆ ಅಂದು ಮತ್ತೆ ಕೇಳಲಿಲ್ಲ. ಇಬ್ಬರೂ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತರು. ಬಿಳಿಗೋಡಿನ ಜನ ಅಲ್ಲಿಂದ ಮುಂದೆ ಸುಖವಾಗಿದ್ದರು, ವರ್ಷದಲ್ಲಿ ಐದು ತಿಂಗಳು ನಡುಗುತ್ತಾ.